ಬಾಳಿಕೆ ಬರುವ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಸತ್ತಿತು ಎಂದು ಗಂಡ ಬಾಯಿಬಿಟ್ಟು ಹೇಳಿದ ಕೂಡಲೇ ಸೂಚಿಯಮ್ಮನಿಗೆ ಅನುಮಾನ ಹತ್ತಿತು. ಅದಕ್ಕೆ ಸಾಯುವ ವಯಸ್ಸು ಎಂದೋ ಆಗಿತ್ತು, ಆ ಮಾತು ಬೇರೆ. ಆದರೆ ಯಾವುದೇ ಯಂತ್ರ ಸತ್ತಿತೆಂದು ಅವನು ಒಪ್ಪಿಕೊಂಡದ್ದನ್ನು ಮದುವೆಯಾದಂದಿನಿಂದ ಅವಳು ಕೇಳಿರಲಿಲ್ಲ. ಬೀದಿಯ ತುದಿಯಲ್ಲಿ ಅವನದೊಂದು ರಿಪೇರಿ ಅಂಗಡಿ. ರೇಡಿಯೋ, ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ, ಕಂಪ್ಯೂಟರು, ಏನು ತಂದರೂ ‘ಇಟ್ಟು ಹೋಗಿ’ ಎನ್ನುವ ಆಸಾಮಿ. ಬೀದಿಯವರ ಬಾಯಲ್ಲಿ ಅವನ ಹೆಸರು ಸ್ಕ್ರೂ ಮಾಮ. ಮನೆಯಲ್ಲಿ ಹಿಡಿ ಮುರಿದ ಬಕೆಟ್ಟಿಗೂ ಅವನು ಹೊಸ ಹಿಡಿ ಕಟ್ಟಿದ್ದನೇ ಹೊರತು ಹೊಸ ಬಕೆಟ್ಟು ತಂದವನಲ್ಲ.

ಸೂಚಿಯಮ್ಮ ಎಂಬುದೂ ಹೆತ್ತವರಿಟ್ಟ ಹೆಸರಲ್ಲ. ದಪ್ಪ ದಪ್ಪ ಪುಸ್ತಕಗಳ ಕೊನೆಯಲ್ಲಿ, ಯಾವ ಮಾತು ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಕೊಡುತ್ತಾರಲ್ಲ, ಆ ಪದಸೂಚಿ ಮಾಡುವುದು ಅವಳ ಕಸುಬು. ಪ್ರಕಾಶಕರು ಇಟ್ಟ ಅಡ್ಡಹೆಸರು ಮನೆಯೊಳಕ್ಕೂ ಬಂದುಬಿಟ್ಟಿತ್ತು. ಆ ಕಸುಬು ಮಾಡುವವರ ಕಣ್ಣು ಸುಮ್ಮನೆ ಓದುವವರ ಕಣ್ಣಿನ ಹಾಗಿರುವುದಿಲ್ಲ. ಬರೆದವನು ಯಾವ ಮಾತಿಗೆ ಮತ್ತೆ ಮತ್ತೆ ಮರಳುತ್ತಾನೆ, ಯಾವ ಮಾತನ್ನು ತಪ್ಪಿಸಿ ಪಕ್ಕಕ್ಕೆ ಸರಿಯುತ್ತಾನೆ ಎಂದು ಅದು ಕಾಯುತ್ತಲೇ ಇರುತ್ತದೆ. ಹಗಲೆಲ್ಲ ಪುಸ್ತಕದ ಮೇಲೆ ಇಟ್ಟ ಕಣ್ಣನ್ನು ಸಂಜೆ ಗಂಡನ ಮೇಲೆ ಇಡಬಾರದೆಂದು ಯಾವ ಕಾನೂನಿದೆ?

ಆ ಹಳೆಯ ಲ್ಯಾಪ್‌ಟಾಪನ್ನು ಅವನು ಬದುಕಿಸಿಕೊಂಡು ಬಂದ ಕಥೆ ಹೇಳಿದರೆ ಯಾರಾದರೂ ನಗುತ್ತಿದ್ದರು. ಫ್ಯಾನು ಒಂದರದ್ದು, ಕೀಬೋರ್ಡು ಇನ್ನೊಂದರದ್ದು, ಮುಚ್ಚಳದ ಕೀಲು ಗುಜರಿಗೆ ಹೊರಟಿದ್ದ ಯಾವುದೋ ಯಂತ್ರದಿಂದ ಕಿತ್ತದ್ದು. ಮೊದಲಿನದು ಅಂತ ಉಳಿದಿರುವುದು ಪರದೆಯ ಮೂಲೆಯ ಗೀರು ಮಾತ್ರ ಎಂದು ಅವಳು ಗೇಲಿ ಮಾಡುತ್ತಿದ್ದಳು. ಅದು ಕೆಟ್ಟು ನಿಂತಾಗಲೆಲ್ಲ ಅವಳು ಕೂಗಾಡುವುದು, ಅವನು “ಬಿಡು, ನಾನ್ ನೋಡ್ಕೋತೀನಿ” ಎಂದು ಕಂಕುಳಲ್ಲಿಟ್ಟುಕೊಂಡು ಹೋಗುವುದು, ಸಂಜೆ ಅದು ಎದ್ದು ಕೂತು ಮನೆಗೆ ಬರುವುದು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವಳ ಕೈಗೂ ಅವನು ಸ್ಕ್ರೂಡ್ರೈವರು ಕೊಟ್ಟವನಲ್ಲ.

ಈ ಸಲ ಆಗಿದ್ದು ಏನು ಮಹಾ? ಫ್ಯಾನು ಗೊರಗೊರ ಅನ್ನುತ್ತಿತ್ತು, ಅಷ್ಟೇ. ಬೆಳಿಗ್ಗೆ ತೆಗೆದುಕೊಂಡು ಹೋದವನು ಸಂಜೆ ಅದನ್ನು ಮೇಜಿನ ಮೇಲಿಟ್ಟು, ಇದರ ಕಥೆ ಮುಗಿಯಿತು, ಹೊಸದೇ ತಗೊಂಡುಬಿಡೋಣ ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಳ್ಳೆಯದನ್ನೇ ಆರಿಸಿಕೋ, ಬಾಳಿಕೆ ಬರುವಂಥದ್ದು, ಇನ್ನು ಇದೊಂದೇ ಸಾಕು ಅನ್ನುವ ಹಾಗಿರಬೇಕು ಎಂದು ಉಪದೇಶವನ್ನೂ ಮಾಡಿದ. ಸೂಚಿಯಮ್ಮ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ಅವನ ಮುಖ ನೋಡಿದಳು. ಅವನು ಕಿಟಕಿ ನೋಡುತ್ತಿದ್ದ.

ಅವನು ಒಳಗೆ ಹೋದ ಮೇಲೆ ಅವಳು ಲ್ಯಾಪ್‌ಟಾಪನ್ನು ಮಗುಚಿ ಹಾಕಿ ನೋಡಿದಳು. ಒಂದು ಮೂಲೆಯ ಸ್ಕ್ರೂ ಇರಲಿಲ್ಲ. ಅದರ ಪಕ್ಕದಲ್ಲೇ ಹೊಸದಾಗಿ ಗೀಚಿದ ಗುರುತು ಹೊಳೆಯುತ್ತಿತ್ತು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟು, ಒಂದು ಕಾಣದಿದ್ದರೆ ಊಟ ಬಿಟ್ಟು ಹುಡುಕುವವನು ಇವನು. ಇದು ತಾನಾಗಿ ಕೆಟ್ಟಿದ್ದಲ್ಲ, ಇವನೇ ಬೇಕೆಂದು ಕೆಡಿಸಿದ್ದಾನೆ ಎಂದು ಅವಳಿಗೆ ಗಟ್ಟಿಯಾಯಿತು. ಯಾಕೆ ಎನ್ನುವುದು ಮಾತ್ರ ಹೊಳೆಯಲಿಲ್ಲ.

ಹೊಳೆಸಲು ನಾದಿನಿ ಇದ್ದಳು. ಅವನ ಒಡಹುಟ್ಟಿದ ತಂಗಿ, ಆದರೆ ಕೆಲಸ ಮಾಡುವುದು ವಿಚ್ಛೇದನದ ಮೊಕದ್ದಮೆಗಳನ್ನೇ ನಡೆಸುವ ವಕೀಲರ ಕಚೇರಿಯಲ್ಲಿ. ದಿನವಿಡೀ ಗಂಡಂದಿರ ಕಳ್ಳಾಟಗಳನ್ನೇ ಟೈಪು ಮಾಡಿ ಮಾಡಿ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವಂತಾಗಿತ್ತು ಅವಳ ಸ್ಥಿತಿ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಅವಳು, ಇದ್ದಕ್ಕಿದ್ದಂತೆ ಧಾರಾಳಿಯಾದ ಗಂಡಸನ್ನು ನಂಬಬಾರದು ಅತ್ತಿಗೆ, ನಮ್ಮ ಕಚೇರಿಗೆ ಬರುವ ಅರ್ಧ ಜನ ಬಿಟ್ಟು ಹೋಗುವ ಮೊದಲು ಹೆಂಡತಿಗೆ ಏನಾದರೂ ದೊಡ್ಡದು ಕೊಡಿಸಿಯೇ ಹೋಗುತ್ತಾರೆ ಎಂದಳು. ನಿಮ್ಮಣ್ಣ ಕಣೇ ಅವರು ಎಂದು ಇವಳು ನೆನಪಿಸಿದರೆ, “ಅಣ್ಣ ಆದ್ರೇನು ಅತ್ತಿಗೆ, ಗಂಡಸು ಗಂಡಸೇ” ಎಂದು ತೀರ್ಪು ಕೊಟ್ಟಳು. ಬೇರೆ ಏನಾದರೂ ಬದಲಾವಣೆ ಕಂಡಿದೆಯಾ, ಯೋಚನೆ ಮಾಡಿ ಎಂದು ಒಂದು ಒಗ್ಗರಣೆಯನ್ನೂ ಹಾಕಿದಳು.

ಸೂಚಿಯಮ್ಮ ಯೋಚನೆ ಮಾಡಿದಳು. ಮಾಡಿದರೆ ಒಂದೇ, ಎರಡೇ? ಜನ್ಮವಿಡೀ ಗುಂಡಿ ಹಾಕುವ ಅಂಗಿ ತೊಟ್ಟವನು ಈಚೆಗೆ ಕತ್ತಿನಿಂದ ಎಳೆದು ಹಾಕಿಕೊಳ್ಳುವ ಟೀ ಶರ್ಟು ಹಿಡಿದಿದ್ದ. ಅದೂ ಕಡುನೀಲಿ. ಬೀದಿಯಲ್ಲಿ ನಡೆಯುವಾಗ ಎರಡು ಕೈಯನ್ನೂ ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ಹೊಸ ಮದುಮಗನ ಗತ್ತಿನಲ್ಲಿ ಹೋಗುತ್ತಿದ್ದ. ಸಂಜೆಯ ಚಹಾ ಎದುರುಬದುರು ಕೂತು ಕುಡಿಯುವುದು ಬಿಟ್ಟು, ನೀನು ಕೆಲಸ ನೋಡಿಕೋ, ನಾನು ಆಮೇಲೆ ಕುಡಿಯುತ್ತೇನೆ ಎನ್ನುತ್ತಿದ್ದ. ಮನೆಯ ಹಿಂದಿನ ಕೋಣೆಯಲ್ಲಿ ಅವನದೊಂದು ಸಣ್ಣ ಮೇಜಿತ್ತು, ಅಂಗಡಿಯಲ್ಲಿ ಮುಗಿಯದ ನಾಜೂಕು ಕೆಲಸಕ್ಕೆ. ಆ ಕೋಣೆಯ ಬಾಗಿಲು ಈಚೆಗೆ ಒಳಗಿಂದ ಚಿಲಕ ಹಾಕಿರುತ್ತಿತ್ತು. ಸೂಚಿಯಮ್ಮ ಇವನ್ನೆಲ್ಲ ಮನಸ್ಸಿನಲ್ಲೇ ಒಂದು ತಲೆಬರಹದ ಕೆಳಗೆ ಸೇರಿಸಿದಳು. ಆ ತಲೆಬರಹ ಏನೆಂದು ತನಗೆ ತಾನೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಮಾರನೆಯ ದಿನ ಲ್ಯಾಪ್‌ಟಾಪ್ ನೋಡಲು ಇಬ್ಬರೂ ಹೊರಟರು. ದಾರಿಯಲ್ಲಿ ಅವನು ತನ್ನ ಪಾಡಿಗೆ ತಾನು ಮಾತಾಡುತ್ತ ನಡೆದ. ತೆಳ್ಳಗಿದೆ, ಹಗುರಾಗಿದೆ ಎಂದು ಮರುಳಾಗಬೇಡ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಒಂದು ಹೋದರೆ ಎಲ್ಲ ಹೋದ ಹಾಗೆ. ನೀನೇ ಬಿಚ್ಚುವಂತಿರಬೇಕು, ಬಿಡಿಭಾಗ ಸಿಗಬೇಕು, ಕೆಟ್ಟರೆ ನೀನೇ ಬದಲಾಯಿಸಿಕೊಳ್ಳಬಹುದು. ಮಾತು ಸರಿಯಾಗೇ ಇತ್ತು. ಆದರೆ ಸರಿಯಾದ ಮಾತನ್ನು ಅಷ್ಟು ಉದ್ದಕ್ಕೆ ಆಡುವ ಗಂಡ ಅವಳಿಗೆ ಗೊತ್ತಿರಲಿಲ್ಲ. ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾನೇನೋ ಅನ್ನಿಸಿತು.

ಅಂಗಡಿಯ ಒಳಗೆ ತಂಪಾಗಿತ್ತು. ಉದ್ದನೆಯ ಬಿಳಿ ಮೇಜಿನ ಮೇಲೆ ಲ್ಯಾಪ್‌ಟಾಪುಗಳು ಬಾಯಿ ತೆರೆದು ಸಾಲಾಗಿ ಕೂತಿದ್ದವು, ಎಲ್ಲದರ ಪರದೆಯ ಮೇಲೂ ಅದೇ ಬಣ್ಣದ ಮೀನು ಈಜುತ್ತಿತ್ತು. ಮಾಲೀಕ ಎದ್ದು ಬಂದು ಕೈಮುಗಿದು, ಕುರ್ಚಿ ಎಳೆದು, ನೀರು ತರಿಸಿದ. ಅತಿ ವಿನಯ ಧೂರ್ತ ಲಕ್ಷಣ ಎಂದುಕೊಂಡು ಸೂಚಿಯಮ್ಮ ನೀರು ಮುಟ್ಟಲಿಲ್ಲ. ಒಂದು ಚೀಟಿಯ ಮೇಲೆ ‘ಲೈಫ್‌ಟೈಮ್ ಸಪೋರ್ಟ್’ ಎಂದಿತ್ತು. ಯಾರ ಲೈಫು, ನಂದಾ, ನಿಮ್ಮದಾ, ಲ್ಯಾಪ್‌ಟಾಪಿಂದಾ ಎಂದು ಅವಳು ಕೇಳಿದಳು. ಮಾಲೀಕ ನಕ್ಕ.

ಅವಳು ಸಾಲಿನುದ್ದಕ್ಕೂ ನಡೆದು ಒಂದೊಂದರ ಮೇಲೂ ಬೆರಳಾಡಿಸಿದಳು. ಅವಳಿಗೆ ಬೇಕಾದದ್ದು ಹೆಚ್ಚೇನಿರಲಿಲ್ಲ. ಕೀಲಿ ಒತ್ತಿದರೆ ಒತ್ತಿದೆ ಎಂದು ಬೆರಳಿಗೆ ಗೊತ್ತಾಗಬೇಕು. ಪುಸ್ತಕದ ಪುಟ ಒಂದು ಕಡೆ, ಸೂಚಿ ಇನ್ನೊಂದು ಕಡೆ ಇಟ್ಟರೆ ಎರಡೂ ಕಣ್ಣಿಗೆ ನೋವಾಗದಂತೆ ಕಾಣಬೇಕು. ಸಾವಿರ ಪುಟದ ಕಡತ ತೆರೆದರೆ ಯಂತ್ರ ತೇಕಬಾರದು. ಒಂದರ ಕೀಬೋರ್ಡು ಗಾಜಿನ ಮೇಲೆ ಕುಟ್ಟಿದ ಹಾಗಿತ್ತು. ಇನ್ನೊಂದರ ಪರದೆಯಲ್ಲಿ ಅವಳದೇ ಮುಖ ಕಾಣುತ್ತಿತ್ತು. ತುದಿಯಲ್ಲಿದ್ದ ಬೆಳ್ಳಿ ಬಣ್ಣದ ತೆಳ್ಳನೆಯದು ಮಾತ್ರ ಬೆರಳಿಗೂ ಹಿತವಾಗಿತ್ತು, ಕಣ್ಣಿಗೂ ಹಿತವಾಗಿತ್ತು.

ಅಷ್ಟರಲ್ಲಿ ಮಾಲೀಕ ಒಳಗಿಂದ ಇನ್ನೊಂದನ್ನು ತಂದು ಎದುರಿಗಿಟ್ಟ. ಬೂದು ಬಣ್ಣದ್ದು, ಇಟ್ಟಿಗೆ ದಪ್ಪ, ಯಾವುದೋ ಸರ್ಕಾರಿ ಕಚೇರಿಯಿಂದ ಎದ್ದು ಬಂದ ಹಾಗಿತ್ತು. “ಸರ್ ನಿನ್ನೆ ಹೇಳಿದ್ರಲ್ಲ, ಅದನ್ನೇ ತೆಗೆದಿಟ್ಟಿದ್ದೀನಿ” ಎಂದ.

ನಿನ್ನೆ! ಸೂಚಿಯಮ್ಮ ಗಂಡನ ಕಡೆ ತಿರುಗಿದಳು. ನಿನ್ನೆ ಇಲ್ಲಿಗೆ ಬಂದಿದ್ದ ಸುದ್ದಿಯನ್ನು ಅವನು ಅವಳಿಗೆ ಹೇಳಿರಲಿಲ್ಲ. ಆರಿಸಿಕೋ, ನಿನ್ನಿಷ್ಟ ಎಂದು ಊದಿದ್ದೆಲ್ಲ ಹಾಗಾದರೆ ಬರಿಯ ನಾಟಕ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೆಂದುಕೊಂಡಿದ್ದಾನೆ. ಅವನು ಜೇಬಿನಿಂದ ಕೈ ತೆಗೆಯದೆ, ಕೀಬೋರ್ಡು ಒತ್ತಿ ನೋಡು, ಚೆನ್ನಾಗಿದೆ ಎಂದ. ಒತ್ತಿ ನೋಡಿದಳು. ಚೆನ್ನಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮಾಲೀಕ ಅದನ್ನು ಮಗುಚಿ, ಒಂದು ಸಣ್ಣ ಸ್ಕ್ರೂಡ್ರೈವರು ಅವಳ ಕಡೆ ಚಾಚಿ, ನೀವೇ ಒಂದು ಸಲ ಬಿಚ್ಚಿ ನೋಡಿ ಅಕ್ಕ, ಬಹಳ ಸುಲಭ ಎಂದ. ಹಾಗೆ ಹೇಳುವಾಗ ಅವನು ಗಂಡನ ಕಡೆಗೊಂದು ನೋಟ ಹಾಕಿದ್ದನ್ನು ಅವಳು ಕಂಡಳು. ಇಬ್ಬರೂ ಸೇರಿ ಮೊದಲೇ ಮಾತಾಡಿಟ್ಟುಕೊಂಡದ್ದು ಇದು. ಇಷ್ಟು ವರ್ಷ ಸ್ಕ್ರೂಡ್ರೈವರಿನ ಹತ್ತಿರ ಸುಳಿಯಗೊಡದವನಿಗೆ ಇವತ್ತು ಹೆಂಡತಿ ಪರರ ಅಂಗಡಿಯಲ್ಲಿ ನಿಂತು ಯಂತ್ರ ಬಿಚ್ಚುವುದನ್ನು ನೋಡುವ ಆಸೆ ಯಾಕೆ ಹುಟ್ಟಿತು? ಅವಳಿಗೆ ಹಠ ಬಂತು. ಬೆಳ್ಳಿ ಬಣ್ಣದ್ದರ ಮೇಲೆ ಕೈಯಿಟ್ಟು ನಿಂತಳು.

“ನಂಗೆ ಇದೇ ಬೇಕು.”

“ಅದು ಬೇಡ. ಅದನ್ನ ನಿನ್ನ ಕೈಲಿ ಬಿಚ್ಚಕ್ಕಾಗಲ್ಲ.”

“ನಾನ್ಯಾಕೆ ಬಿಚ್ಚಲಿ? ಬಿಚ್ಚೋದಕ್ಕೆ ನೀವಿಲ್ವಾ?”

ಅವನು ಬೂದು ಬಣ್ಣದ್ದರ ಕಡೆ ತಿರುಗಿಬಿಟ್ಟ. ಮಾಲೀಕ ಪಕ್ಕದ ಪರದೆಯ ಮೇಲಿಲ್ಲದ ಧೂಳನ್ನು ಒರೆಸತೊಡಗಿದ. ಆ ಹೊತ್ತಿನಲ್ಲಿ ಅವಳ ಕಸುಬಿನ ಕಣ್ಣಿಗೆ ಒಂದು ಸಂಗತಿ ಕಂಡಿತು. ಪುಸ್ತಕದಲ್ಲಿ ಇರುವ ಮಾತನ್ನು ಹುಡುಕುವುದು ಸುಲಭ, ಇರಬೇಕಾಗಿದ್ದು ಇಲ್ಲದ ಮಾತನ್ನು ಕಾಣುವುದೇ ಕಷ್ಟ. ಫ್ಯಾನು ಗೊರಗೊರ ಅಂದ ದಿನದಿಂದ ಇವತ್ತಿನವರೆಗೆ, ಇಷ್ಟೆಲ್ಲ ಉಪದೇಶದ ನಡುವೆ, ‘ನಾನ್ ನೋಡ್ಕೋತೀನಿ’ ಎನ್ನುವ ಮಾತು ಅವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಬೇರೆಲ್ಲ ಮಾತೂ ‘ನೀನೇ’ ಎಂದು ಶುರುವಾಗುತ್ತಿತ್ತು: ನೀನೇ ಆರಿಸಿಕೋ, ನೀನೇ ಬಿಚ್ಚು, ಕೆಟ್ಟರೆ ನೀನೇ ಬದಲಾಯಿಸಿಕೊಳ್ಳಬಹುದು. ನಾದಿನಿ ಹೇಳಿದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು.

ಏನೂ ಕೊಳ್ಳದೆ ಅಂಗಡಿಯಿಂದ ಹೊರಬಿದ್ದಳು. ಬೀದಿಯುದ್ದಕ್ಕೂ ಅವಳು ಮುಂದೆ, ಅವನು ಹಿಂದೆ. ರಸ್ತೆ ದಾಟುವ ಕಡೆ ಅವನು ಹೆಸರು ಹಿಡಿದು ಕೂಗಿದ, ಅವಳು ನಿಲ್ಲಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವಳು ನಿರ್ಧಾರ ಮಾಡಿಯಾಗಿತ್ತು: ಸುತ್ತಿ ಬಳಸಿ ಕೇಳುವುದಿಲ್ಲ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಆಟವೇ ಬೇಡ. ಅವನು ಬಾಗಿಲು ಮುಂದೆ ಮಾಡಿ ತಿರುಗುವುದಕ್ಕೂ ಅವಳು ಕೇಳುವುದಕ್ಕೂ ಸರಿಹೋಯಿತು.

“ನನ್ನ ಬಿಟ್ಟು ಎಲ್ಲಿಗೆ ಹೋಗ್ತಿದ್ದೀರಿ?”

ಅವನು ಪೆಚ್ಚಾಗಿ ನಿಂತ. ಏನು ಕೇಳುತ್ತಿದ್ದಾಳೆ ಎಂಬುದೇ ಮೊದಲು ಅರ್ಥವಾದಂತೆ ಕಾಣಲಿಲ್ಲ. ಅವಳು ಬಿಡಲಿಲ್ಲ. ಟೀ ಶರ್ಟು, ಜೇಬು, ಚಹಾ, ಚಿಲಕ, ಹೇಳದೆ ಅಂಗಡಿಗೆ ಹೋಗಿದ್ದು, ಎಲ್ಲವನ್ನೂ ಒಂದರ ಹಿಂದೊಂದು ಎತ್ತಿ ಹಾಕಿದಳು. ಕೊನೆಗೆ, ಆ ಲ್ಯಾಪ್‌ಟಾಪನ್ನು ಕೆಡಿಸಿದ್ದೂ ನೀವೇ, ಇಲ್ಲ ಎಂದು ನನ್ನ ಕಣ್ಣು ನೋಡಿ ಹೇಳಿ ಎಂದಳು. ಹೇಳುವಾಗ ಅವಳ ದನಿ ಒಡೆಯಿತು, ಅದಕ್ಕೂ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

“ಹೌದು, ನಾನೇ ಕೆಡಿಸಿದ್ದು” ಎಂದ ಅವನು. “ಬಾ ಇಲ್ಲಿ.”

ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಮೇಜಿನ ಮೇಲೆ ಯಾರದೋ ಗಡಿಯಾರ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಮೇಲೆ ಕೂತ ಧೂಳು ನೋಡಿದರೆ ಬಹಳ ದಿನದಿಂದ ಹಾಗೇ ಇದ್ದದ್ದು ಗೊತ್ತಾಗುತ್ತಿತ್ತು. ಕೆಳಗೆ, ನೆಲದ ಸಂದಿನಲ್ಲಿ, ಮೇಜಿನ ಕಾಲಿನ ಸುತ್ತ, ಸಣ್ಣ ಸಣ್ಣ ಸ್ಕ್ರೂಗಳು ಚೆಲ್ಲಿದ್ದವು. ಅವನು ದೀಪ ಹತ್ತಿಸಿ ಕೂತು, ಚಿಮಟದಲ್ಲಿ ಒಂದು ಸ್ಕ್ರೂ ಎತ್ತಿದ. ಎತ್ತಿದ ಕೂಡಲೇ ಕೈ ನಡುಗತೊಡಗಿತು. ಚಳಿಗೆ ನಡುಗುವ ಹಾಗಲ್ಲ, ಸಿಟ್ಟಿಗೂ ಅಲ್ಲ. ಯಾರೋ ಮೊಣಕೈ ಹಿಡಿದು ಅಲ್ಲಾಡಿಸುತ್ತಿರುವ ಹಾಗೆ. ಅವನು ಇನ್ನೊಂದು ಕೈಯಿಂದ ಮಣಿಕಟ್ಟು ಒತ್ತಿ ಹಿಡಿದ. ಆ ಕೈಯೂ ನಡುಗಿತು. ಸ್ಕ್ರೂ ಟಿಣ್ಣೆಂದು ಮೇಜಿಗೆ ಬಡಿದು ಎಲ್ಲೋ ಹೋಯಿತು.

“ನೋಡಿದ್ಯಾ” ಎಂದ.

ಸೂಚಿಯಮ್ಮನಿಗೆ ಮೊದಲು ಆದದ್ದು ಸಮಾಧಾನ. ಅಬ್ಬ, ಬೇರೆ ಯಾರೂ ಇಲ್ಲ! ಆ ಸಮಾಧಾನ ಬಂದ ವೇಗದಲ್ಲೇ ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಗುಂಡಿ ಹಾಕಿಕೊಳ್ಳಲು ಬಾರದ ಕೈಗೆ ಟೀ ಶರ್ಟು. ತುಂಬಿದ ಲೋಟ ಎದುರಿಗೆ ಹಿಡಿಯಲು ಬಾರದ ಕೈಗೆ ಒಂಟಿ ಚಹಾ. ಎಲ್ಲವನ್ನೂ ಅವಳು ಕಂಡಿದ್ದಳು, ಒಂದನ್ನೂ ಬಿಟ್ಟಿರಲಿಲ್ಲ. ಸೇರಿಸಿದ ತಲೆಬರಹ ಮಾತ್ರ ತಪ್ಪಾಗಿತ್ತು. ಕಸುಬು ಹಿಡಿದಂದಿನಿಂದ ಇಷ್ಟು ದೊಡ್ಡ ತಪ್ಪು ಅವಳು ಮಾಡಿರಲಿಲ್ಲ.

ಅವನು ತಲೆ ತಗ್ಗಿಸಿಕೊಂಡೇ ಹೇಳುತ್ತ ಹೋದ. ಮೊದಮೊದಲು ದಣಿವಿಗೆ ಇರಬೇಕು ಎಂದುಕೊಂಡಿದ್ದನಂತೆ. ಆಮೇಲೆ ಬೆಸುಗೆಯ ಕೆಲಸ ಬಿಟ್ಟ, ಗಡಿಯಾರ ಬಿಟ್ಟ, ಬಂದವರನ್ನು ಬೇರೆ ಅಂಗಡಿಗೆ ಸಾಗಹಾಕಿದ. ಅವಳ ಲ್ಯಾಪ್‌ಟಾಪು ಒಂದನ್ನಾದರೂ ತಾನೇ ನೋಡಬೇಕೆಂದು ಹಠ ಮಾಡಿ ಕೂತ. ಫ್ಯಾನು ಬಿಚ್ಚುವಾಗ ಸ್ಕ್ರೂಡ್ರೈವರು ಜಾರಿ ಬೋರ್ಡಿಗೆ ನೆಟ್ಟುಕೊಂಡಿತು. ಅದು ಸತ್ತದ್ದಲ್ಲ, ತನ್ನ ಕೈಯಿಂದ ಹೋದದ್ದು ಎಂದು ಹೇಳಲು ಬಾಯಿ ಬರಲಿಲ್ಲ. ಇನ್ನು ಮುಂದೆ ತಾನಿಲ್ಲದೆ ನಡೆಯುವ ಯಂತ್ರ ಅವಳ ಮೇಜಿನ ಮೇಲಿರಲಿ, ಅದನ್ನು ಬಿಚ್ಚುವುದನ್ನು ಅವಳೇ ಕಲಿಯಲಿ ಎಂದು ಅಂಗಡಿಯವನಿಗೆ ಗುಟ್ಟಾಗಿ ಹೇಳಿ ಬಂದಿದ್ದ.

ಅವಳು ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದಳು. ಇಲ್ಲ. ಯಾಕಿಲ್ಲ? ಅದರಲ್ಲಿ ತೋರಿಸುವುದೇನಿದೆ, ಇಂಥದ್ದಕ್ಕೆಲ್ಲ ರಿಪೇರಿ ಇರುವುದಿಲ್ಲ, ನೋಡಿದರೆ ಗೊತ್ತಾಗುವುದಿಲ್ಲವೇ ಎಂದ. ಅಲ್ಲಿಯವರೆಗೆ ಸುಮ್ಮನಿದ್ದ ಅವಳ ಸಿಟ್ಟು ಆಗ ಭುಗಿಲೆಂದಿತು. ಬಿಚ್ಚಿ ನೋಡದೆ ಯಾವ ಯಂತ್ರವನ್ನೂ ಕೈಬಿಡಬಾರದು ಎಂದು ಊರಿಗೆಲ್ಲ ಹೇಳುವ ಈ ಮನುಷ್ಯ, ತನ್ನ ಕೈಯನ್ನು ಯಾರಿಗೂ ತೋರಿಸದೆ ಗುಜರಿಗೆ ಹಾಕಿ ಕೂತಿದ್ದ. ಅವಳು ಬಾಯಿಗೆ ಬಂದದ್ದೆಲ್ಲ ಬೈದಳು. ಅಂಗಡಿಯವನಿಗೆ ಹೇಳಬಹುದು, ನನಗೆ ಹೇಳಬಾರದು, ಅವನು ನಿಮಗೆ ತಾಳಿ ಕಟ್ಟಿದ್ದನೇ ಎಂದಳು. ಅದು ತಿರುಗುಮುರುಗಾಯಿತು ಎಂದು ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ನಗಲಿಲ್ಲ.

ಬೈದು ಸುಸ್ತಾದ ಮೇಲೆ ಅವಳು ನೆಲದ ಮೇಲೆ ಕೂತು ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಹೆಕ್ಕುತ್ತಲೇ ಕರಾರು ಹೇಳಿದಳು. ಆ ಬೂದು ಇಟ್ಟಿಗೆಯನ್ನೇ ತಗೊಳ್ಳೋಣ, ಕೀಬೋರ್ಡು ಚೆನ್ನಾಗಿದೆ. ಬಿಚ್ಚುವುದನ್ನೂ ಕಲಿಯುತ್ತೇನೆ, ನೀವು ಪಕ್ಕದಲ್ಲಿ ಕೂತು ಹೇಳಿಕೊಡಬೇಕು, ನಾನು ತಪ್ಪು ಮಾಡಿದರೆ ರೇಗಬಾರದು. ಆದರೆ ಅದಕ್ಕೆ ಮೊದಲು ನರದ ಡಾಕ್ಟರು. ನಾಳೆಯೇ. ನಾನೂ ಬರುತ್ತೇನೆ, ಒಳಗೂ ಬರುತ್ತೇನೆ. ಯಾವಾಗಿನಿಂದ ಎಂದು ಅವರು ಕೇಳಿದರೆ ನೀವು ಸುಳ್ಳು ಹೇಳುತ್ತೀರಿ. ಅವನು ಎಲ್ಲದಕ್ಕೂ ಹೂಂ ಎಂದ.

ಇಷ್ಟು ಸಲೀಸಾಗಿ ಒಪ್ಪಿದ್ದು ಅವಳಿಗೆ ಸರಿಬರಲಿಲ್ಲ. ಹುಟ್ಟುಗುಣ ಎಲ್ಲಿಗೆ ಹೋದೀತು? ಸ್ಕ್ರೂಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ನಿಂತು ಅವನ ಮುಖವನ್ನೇ ದಿಟ್ಟಿಸಿದಳು.

“ಇನ್ನೂ ಏನೋ ಮುಚ್ಚಿಟ್ಟಿದ್ದೀರಿ.”

ಅವನು ಏನಿಲ್ಲ ಎನ್ನುವಂತೆ ತಲೆಯಾಡಿಸಿದ. ಅವಳು ಕದಲಲಿಲ್ಲ. ದೀಪದ ಕೆಳಗೆ ಅವನ ಎರಡು ಕೈಗಳೂ ಮೇಜಿನ ಮೇಲೆ ಹಾಗೇ ಬಿದ್ದಿದ್ದವು, ಜೇಬಿಗೆ ಸೇರಿಸಲು ಅವನು ಈಗ ಹೋಗಲಿಲ್ಲ.

“ಹೆದರಿಕೆ ಆಗ್ತಿದೆ ಕಣೇ” ಎಂದ.

ಊರಿನ ಕಳ್ಳಾಟವನ್ನೆಲ್ಲ ಗಂಡನ ತಲೆಗೆ ಕಟ್ಟಿದ್ದ ಸೂಚಿಯಮ್ಮನಿಗೆ, ಇದೊಂದು ಇರಬಹುದೆಂದು ಮಾತ್ರ ಅನುಮಾನ ಬಂದಿರಲಿಲ್ಲ. ಆ ಮಾತನ್ನು ಅವನ ಬಾಯಲ್ಲಿ ಅವಳು ಎಂದೂ ಕೇಳಿರಲಿಲ್ಲ, ಕೇಳಬೇಕಾದೀತೆಂದು ಎಣಿಸಿಯೂ ಇರಲಿಲ್ಲ. ಧೈರ್ಯದ ಮಾತು ಹೇಳಿದ್ದರೂ ಅವನು ನಂಬುತ್ತಿರಲಿಲ್ಲ, ಅವಳ ದನಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.

“ನಂಗೂ” ಎಂದಳು.